ಕೊನೆಯ ಬೆಂಚಿನ ಮೇಸ್ತ್ರಿ

ಕುರುಗೋಡಿನ ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕಿಯಾಗಿ ಸೇರಿ ಆಗ ಎರಡನೆಯ ವರ್ಷ. ಬಿ.ಕಾಂ. ಮೊದಲ ವರ್ಷದವರಿಗೆ ನಿರ್ವಹಣಾ ತತ್ವಗಳು ಎಂಬ ವಿಷಯ ನನ್ನ ಪಾಲಿಗೆ ಬಂದಿತ್ತು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಮ್ಮ ಬಾಡಿಗೆ ಮನೆ. ಬೆಳಿಗ್ಗೆ ಗಂಡನಿಗೂ ಮಗಳಿಗೂ ಡಬ್ಬಿ ಕಟ್ಟಿ, ಆಟೋ ಹಿಡಿದು ಬಸ್‌ಸ್ಟ್ಯಾಂಡಿಗೆ ಬಂದು ಕುರುಗೋಡಿನ ಬಸ್ಸು ಹತ್ತುತ್ತಿದ್ದೆ. ಸೀಟು ಸಿಕ್ಕ ದಿನ ದಾರಿಯುದ್ದಕ್ಕೂ ಅವತ್ತಿನ ನೋಟ್ಸು ತಿರುವಿ ಹಾಕುತ್ತಿದ್ದೆ. ಸಿಗದ ದಿನ ಕಂಬಿ ಹಿಡಿದು ನಿಂತೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ. ಯೋಜನೆ, ಸಂಘಟನೆ, ಸಿಬ್ಬಂದಿ, ನಿರ್ದೇಶನ, ನಿಯಂತ್ರಣ. ಇಷ್ಟು ಹೇಳಿ ಮುಗಿಸುವುದರೊಳಗೆ ಊರು ಬಂದುಬಿಡುತ್ತಿತ್ತು.

ಆ ವರ್ಷದ ಮೊದಲ ಕಿರುಪರೀಕ್ಷೆಯಲ್ಲಿ 'ಆದೇಶದ ಏಕತೆ ಎಂದರೇನು?' ಎಂದು ಕೇಳಿದ್ದೆ. ಕೆಲಸ ಮಾಡುವವನಿಗೆ ಒಬ್ಬನೇ ಮೇಲಿನವನಿರಬೇಕು, ಆದೇಶ ಆ ಒಬ್ಬನಿಂದಲೇ ಬರಬೇಕು ಎಂದು ಬರೆದರೆ ಸಾಕಿತ್ತು. ಒಬ್ಬ ಹುಡುಗ 'ಎಲ್ಲರೂ ಒಗ್ಗಟ್ಟಿನಿಂದ ಆದೇಶ ಕೊಡುವುದು' ಎಂದು ಬರೆದಿದ್ದ. ಅವನ ಹಿಂದೆ ಮುಂದೆ ಕೂತಿದ್ದ ಏಳು ಮಂದಿಯೂ ಅದನ್ನೇ ಇಳಿಸಿಕೊಂಡಿದ್ದರು. ಅವರ ಒಗ್ಗಟ್ಟು ಕಂಡು ಮೊದಲು ನಗು ಬಂತು. ಉಳಿದ ಪತ್ರಿಕೆ ನೋಡುತ್ತ ಹೋದಂತೆ ನಗು ನಿಂತಿತು. ಸರಿ ಬರೆದವರೂ ನನ್ನ ವಾಕ್ಯವನ್ನೇ ಅಲ್ಪವಿರಾಮದ ಸಮೇತ ಬರೆದಿದ್ದರು. ಅದರಲ್ಲಿ ಅವರದ್ದು ಅನ್ನುವುದು ಒಂದು ಮಾತೂ ಇರಲಿಲ್ಲ.

ಪ್ರಾಂಶುಪಾಲರ ಹತ್ತಿರ ಹೋಗಿ ಹೇಳಿದೆ. ಅವರು ಒಳ್ಳೆಯ ಮನುಷ್ಯರು, ನಿವೃತ್ತಿಗೆ ಹತ್ತಿರ ಬಂದವರು. "ಮೇಡಂ, ಐದು ಅಂಕದ್ದು, ಹತ್ತು ಅಂಕದ್ದು ಬ್ಯಾರೆ ಬ್ಯಾರೆ ನೋಟ್ಸ್ ಬರೆಸ್ರಿ. ಬಾಯಿಪಾಠ ಮಾಡತಾವ, ಪಾಸಾಗತಾವ. ಬಾಳ ತಲಿ ಕೆಡಿಸ್ಕೊಬ್ಯಾಡ್ರಿ," ಅಂದರು.

ಅದೇ ವಾರ ಬಳ್ಳಾರಿ ಬಸ್ಸಿಗೆ ಕಾಯುತ್ತಿದ್ದಾಗ, ಬಸ್‌ಸ್ಟ್ಯಾಂಡ್ ಬಾಜು ತಳ್ಳುಗಾಡಿಯಲ್ಲಿ ಹುರಿದ ಶೇಂಗಾ, ಖಾರ ಮಂಡಕ್ಕಿ ಮಾರುವ ಹಿರಿಯರ ಹತ್ತಿರ ಶೇಂಗಾ ತೆಗೆದುಕೊಂಡೆ. ಊರಿನವರೆಲ್ಲ ಅವರನ್ನು ಕಾಕಾ ಅನ್ನುತ್ತಿದ್ದರು. ಅವರು ಹಾಳೆಯೊಂದನ್ನು ಕೈಯಲ್ಲೇ ಸುತ್ತಿ ಅದರೊಳಗೆ ಶೇಂಗಾ ಹಾಕಿಕೊಟ್ಟರು. ನಾಲ್ಕು ಹೆಜ್ಜೆ ಇಡುವುದರೊಳಗೆ ಬಿಚ್ಚಿಕೊಂಡಿತು. ನಾನು ಸೆರಗೊಡ್ಡಿ ಹಿಡಿದುಕೊಂಡದ್ದನ್ನು ನೋಡಿ ಕಾಕಾಗೆ ನಾಚಿಕೆಯಾಯಿತು.

"ಪೇಪರ್ ಕವರ್ ಮಾಡಿಕೊಡೋ ಹುಡುಗಿ ಲಗ್ನ ಆಗಿ ಆದೋನಿಗೆ ಹೋದಳಮ್ಮ. ಪ್ಲಾಸ್ಟಿಕ್ ಇಟ್ರ ಪಂಚಾಯ್ತಿಯವ್ರು ಬಂದು ಬೈತಾರ. ನನ್ನ ಕೈಗೆ ಅಂಟು ಹಚ್ಚೋದು ಬರಂಗಿಲ್ಲ," ಅಂದರು.

ಬಸ್ಸಿನಲ್ಲಿ ಕೂತು ಶೇಂಗಾ ತಿನ್ನುತ್ತಿದ್ದಾಗ ನನಗೆ ಹೊಳೆಯಿತು. ಮರುದಿನವೇ ಕಾಕಾನನ್ನು ಕೇಳಿದೆ: ನಮ್ಮ ಹುಡುಗರು ಕ್ಲಾಸಿನಲ್ಲಿ ಕವರ್ ಮಾಡುತ್ತಾರೆ, ನೀವೇ ಬಂದು ನೋಡಿ ಯಾವುದು ಬೇಕು, ಯಾವುದು ಬೇಡ ಹೇಳಬೇಕು.

"ನಾನಾ? ನಾ ಎರಡನೇತ್ತಾನೂ ಮುಗಿಸಿಲ್ಲಮ್ಮ. ಕಾಲೇಜಿನಾಗ ಬಂದು ಏನ್ ಹೇಳ್ಲಿ?"

"ಹಿಡೀತೈತೋ ಹರೀತೈತೋ ಅಷ್ಟು ಹೇಳ್ರಿ ಸಾಕು," ಅಂದೆ.

ಶನಿವಾರ ಎರಡು ಪಿರಿಯಡ್ ಒಟ್ಟಿಗೆ ಸಿಕ್ಕಿತು. ಗ್ರಂಥಾಲಯದಿಂದ ಹಳೆಯ ಪತ್ರಿಕೆಗಳ ಕಟ್ಟು ತಂದಿದ್ದೆ. ಮನೆಯಲ್ಲಿ ಮೈದಾಹಿಟ್ಟು ಕುದಿಸಿ ಡಬ್ಬಿಯೊಂದರಲ್ಲಿ ಅಂಟು ಮಾಡಿಕೊಂಡು ಬಂದಿದ್ದೆ. ಬಸ್ಸಿನಲ್ಲಿ ಪಕ್ಕದಲ್ಲಿದ್ದವರು ಗಂಜಿ ಎಂದುಕೊಂಡು, ಯಾರಿಗೆ ಆರಾಮಿಲ್ಲ ಎಂದು ವಿಚಾರಿಸಿದ್ದರು. ನಲವತ್ತು ಮಂದಿಯನ್ನು ಐದು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಬ್ಬೊಬ್ಬರನ್ನು ನಾಯಕರನ್ನಾಗಿ ಮಾಡಿದೆ. ನಾಲ್ಕು ಗುಂಪಿಗೆ ಮುಂದಿನ ಬೆಂಚಿನವರು ತಾವಾಗಿಯೇ ಕೈ ಎತ್ತಿದರು. ಐದನೆಯದಕ್ಕೆ ಯಾರೂ ಏಳಲಿಲ್ಲ. ಕೊನೆಯ ಬೆಂಚಿನ ಒಬ್ಬ ಹುಡುಗಿಯ ಕಡೆ ಅವಳ ಗೆಳತಿಯರು ಬೆರಳು ಮಾಡಿ, "ಆಕಿ ಮಾಡತಾಳ್ರಿ ಮೇಡಂ," ಅಂದರು.

ಆ ಹುಡುಗಿಯ ಮುಖಕ್ಕಿಂತ ಅವಳ ಹಾಜರಿ ನಂಬರು ನನಗೆ ಹೆಚ್ಚು ಪರಿಚಯ. ಹಾಜರಿ ಕಮ್ಮಿ ಇದ್ದವರ ಪಟ್ಟಿಯಲ್ಲಿ ಮೊದಲ ನಂಬರು ಅದೇ. ಹಿಂದಿನ ವಾರವಷ್ಟೇ ಆ ಪಟ್ಟಿಯನ್ನು ನಾನೇ ಸಹಿ ಮಾಡಿ ಆಫೀಸಿಗೆ ಕೊಟ್ಟಿದ್ದೆ. ಹಾಗೇ ಮುಂದುವರಿದರೆ ಅವಳು ಪರೀಕ್ಷೆಗೆ ಕೂರುವಂತಿರಲಿಲ್ಲ.

ಒಂದು ಗಂಟೆಯಲ್ಲಿ ಎಷ್ಟು ಆಗುತ್ತದೋ ಅಷ್ಟು ಕವರ್, ಒಂದರಲ್ಲಿ ಒಂದು ಪಾವು ಶೇಂಗಾ ಹಿಡಿಯಬೇಕು ಎಂದು ಹೇಳಿ ಶುರು ಮಾಡಿಸಿದೆ. ಕೋಣೆಯ ತುಂಬ ಗದ್ದಲ ಎದ್ದಿತು. ಒಬ್ಬ ಹುಡುಗ ತನ್ನ ಗುಂಪಿನವರನ್ನೆಲ್ಲ ಸುತ್ತ ನಿಲ್ಲಿಸಿಕೊಂಡು ತಾನೊಬ್ಬನೇ ಮಡಿಸುತ್ತಿದ್ದ. ಇನ್ನೊಂದು ಗುಂಪಿನಲ್ಲಿ ಎಂಟು ಮಂದಿ ಎಂಟು ಅಳತೆಯ ಕವರ್ ಮಾಡುತ್ತಿದ್ದರು. ಆದರೂ ರಾಶಿ ಬೆಳೆಯುತ್ತಿತ್ತು, ನನಗೆ ಖುಷಿಯಾಗುತ್ತಿತ್ತು. ಹಿಂದೆ ನೋಡಿದರೆ ಕೊನೆಯ ಬೆಂಚಿನ ಗುಂಪು ಸುಮ್ಮನೆ ಕೂತಿತ್ತು. ಹತ್ತು ನಿಮಿಷವಾದರೂ ಒಂದು ಕವರೂ ಆಗಿರಲಿಲ್ಲ. ಆ ಹುಡುಗಿ ಒಬ್ಬೊಬ್ಬರ ಕೈಗೆ ಹಾಳೆ ಕೊಟ್ಟು ಮಡಿಸಲು ಹೇಳಿ, ನೋಡಿ, ವಾಪಸ್ ತೆಗೆದುಕೊಳ್ಳುತ್ತಿದ್ದಳು.

"ಏನ್ ಮಾಡಾಕತ್ತೀರಿ? ಎಲ್ಲಾರೂ ಹತ್ತು ದಾಟ್ಯಾರ. ಆಟ ಆಡಾಕ ಬಂದೀರೇನು?" ಅಂದೆ. ಸ್ವಲ್ಪ ಜೋರಾಗಿಯೇ ಅಂದೆ.

ಅವಳು ಎದ್ದು ನಿಂತು, "ಮಾಡತೇವ್ರಿ ಮೇಡಂ," ಅಂದಳು.

ಗಂಟೆ ಮುಗಿಯುವ ಹೊತ್ತಿಗೆ ಕಾಕಾ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದರು. ಒಂದು ಚೀಲ ಶೇಂಗಾ, ಒಂದು ಚೀಲ ಮಂಡಕ್ಕಿ, ಅಳತೆಯ ಪಾವು ತಂದಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, ಮೊದಲನೆಯ ಗುಂಪಿನ ಕವರ್ ಎತ್ತಿ ಶೇಂಗಾ ಸುರಿದರು. ತಳ ಬಿಚ್ಚಿ ಶೇಂಗಾ ನೆಲಕ್ಕೆ ಬಿತ್ತು. ಎರಡನೆಯದಕ್ಕೂ ಅದೇ ಗತಿಯಾಯಿತು. ಮೂರನೆಯದು ಬಾಯಿಯೇ ತೆರೆಯಲಿಲ್ಲ, ಅಂಟು ಒಳಗೆಲ್ಲ ಹರಡಿತ್ತು. ಹುಡುಗರು ಮೊದಮೊದಲು ನಕ್ಕರು. ಕಾಕಾ ನಗಲಿಲ್ಲ. ಒಂದೊಂದನ್ನೂ ಗಂಭೀರವಾಗಿ ನೋಡಿ, "ಇದು ನಡೆಯಂಗಿಲ್ಲಪ," ಎಂದು ಪಕ್ಕಕ್ಕಿಡುತ್ತಿದ್ದರು. ನಾಲ್ಕು ಗುಂಪಿನ ಎರಡು ನೂರಕ್ಕೂ ಹೆಚ್ಚು ಕವರಿನಲ್ಲಿ ಅವರು ಇಟ್ಟುಕೊಂಡದ್ದು ಹತ್ತೊಂಬತ್ತು.

ಕೊನೆಯ ಗುಂಪು ಮಾಡಿದ್ದು ಮೂವತ್ತೆರಡೇ. ಕಾಕಾ ಒಂದರಲ್ಲಿ ಶೇಂಗಾ ಸುರಿದು ಮೇಲೆತ್ತಿ ಅಲ್ಲಾಡಿಸಿದರು. ಹಿಡಿಯಿತು. ಇನ್ನೊಂದು ತೆಗೆದುಕೊಂಡರು, ಅದೂ ಹಿಡಿಯಿತು. ಮೂವತ್ತೆರಡನ್ನೂ ಜೋಡಿಸಿ, ದಾರ ಕಟ್ಟಿ, ಬಗಲಲ್ಲಿ ಇಟ್ಟುಕೊಂಡರು.

ಅಷ್ಟರಲ್ಲಿ ಪ್ರಾಂಶುಪಾಲರು ಬಾಗಿಲಿಗೆ ಬಂದರು. ನೆಲದ ತುಂಬ ಶೇಂಗಾ, ಮಂಡಕ್ಕಿ, ಹರಿದ ಪತ್ರಿಕೆ. ಅವರು ಏನೂ ಬೈಯಲಿಲ್ಲ. "ಮೇಡಂ, ಕಸ ಹೊಡೆಸಿಬಿಡ್ರಿ," ಎಂದು ಹೋದರು. ಅವರು ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ನನಗೆ.

ಎಲ್ಲರೂ ಹೋದ ಮೇಲೆ ಆ ಹುಡುಗಿ ಮತ್ತು ಅವಳ ಗೆಳತಿಯರು ಹೇಳದೆಯೇ ಕಸಬರಿಗೆ ತಂದರು. ನಾನು ಅವಳನ್ನು ಕೇಳಿದೆ: "ಮೊದ್ಲು ಹತ್ತು ನಿಮಿಷ ಏನ್ ಮಾಡಿದ್ರಿ?"

"ಯಾರ ಕೈ ಯಾವುದಕ್ಕ ಬರತೈತಿ ನೋಡಿದ್ನಿರಿ. ಒಬ್ಬಾಕಿ ಮಡಿಕಿ ಚಂದ ಹಾಕತಾಳ, ಒಬ್ಬಾಕಿಗೆ ಅಂಟು ತೆಳ್ಳಗ ಹಚ್ಚಾಕ ಬರತೈತಿ. ಮೊದ್ಲು ಒಂದು ಮಾಡಿ, ನನ್ನ ಡಬ್ಬಿ ಅದರಾಗ ಇಟ್ಟು ಎತ್ತಿ ನೋಡಿದ್ನಿ. ಹರೀತು. ಆಮ್ಯಾಲೆ ತಳಕ್ಕ ಎರಡು ಮಡಿಕಿ ಹಾಕ್ಸಿದ್ನಿ."

"ಎಲ್ಲಿ ಕಲ್ತಿ ಇದನ್ನ?"

ಅವಳು ಕಸಬರಿಗೆ ಹಿಡಿದು ನಿಂತಳು. "ಕಲಿಯೋದು ಏನೈತ್ರಿ. ನಾವು ನೆಲ್ಲು ಹಚ್ಚಾಕ ಹೋಗತೇವಲ್ರಿ, ನಾನs ಮೇಸ್ತ್ರಿ."

ಆಮೇಲೆ ಒಂದೊಂದಾಗಿ ತಿಳಿಯಿತು. ಭತ್ತದ ನಾಟಿಗೆ ಹೋಗುವ ಇಪ್ಪತ್ತು ಹೆಂಗಸರ ಗುಂಪೊಂದನ್ನು ಅವಳ ತಾಯಿ ನಡೆಸುತ್ತಿದ್ದರು. ತಾಯಿಯ ಮಂಡಿ ಹಿಡಿದುಕೊಂಡ ಮೇಲೆ ಗುಂಪು ಒಡೆಯಬಾರದೆಂದು ಇವಳು ಹೊತ್ತುಕೊಂಡಳು. ಕಾಲುವೆಗೆ ನೀರು ಬಿಟ್ಟ ಮೇಲೆ ಕೆಲವು ವಾರ ಕೆಲಸ ಒತ್ತೊತ್ತಾಗಿ ಬರುತ್ತದೆ. ಆ ವಾರಗಳಲ್ಲೇ ಅವಳ ಹಾಜರಿ ಹೋಗುತ್ತಿತ್ತು. ನನ್ನ ಪಟ್ಟಿಯಲ್ಲಿದ್ದ ಇನ್ನೂ ಐದು ನಂಬರು ಅದೇ ಗುಂಪಿನ ಹುಡುಗಿಯರದ್ದು.

"ಬರೋ ವಾರ ಭಾನುವಾರ ಸಿರುಗುಪ್ಪ ಕಡಿ ಐತ್ರಿ ಕೆಲಸ, ಕೆಂಚನಗುಡ್ಡದ ಹತ್ರ," ಅಂದಳು. ಕೆಂಚನಗುಡ್ಡದ ಬಾಜು ಹೊಳೆ ದಂಡೆಯ ಹಳ್ಳಿಯೇ ನನ್ನ ತವರು. ಹೋಗಬೇಕೆಂದು ಅಲ್ಲೇ ನಿಶ್ಚಯ ಮಾಡಿದೆ.

ಭಾನುವಾರ ತವರಿಗೆ ಹೋಗಿ, ನಾಟಿ ನೋಡಲು ಹೊರಟೆ ಎಂದಾಗ ಅಣ್ಣನ ಮಕ್ಕಳಿಗೆ ತಲೆ ಬಾಚುತ್ತಿದ್ದ ಅವ್ವ ನಕ್ಕಳು. "ಹುಟ್ಟಿದಾಗಿಂದ ನೋಡೀಯಲ್ಲ, ಹೊಸದೇನೈತಿ ಅದರಾಗ?"

ನಿಜ, ನಾನು ಬದುವಿನ ಮೇಲೆ ಬೆಳೆದವಳು. ಆದರೆ ಬದುವಿನ ಮೇಲೆ ನಾನು ಯಾವಾಗಲೂ ಪುಸ್ತಕ ಹಿಡಿದು ಕೂರುತ್ತಿದ್ದೆ. ಗದ್ದೆಯಲ್ಲಿ ನಡೆಯುತ್ತಿದ್ದದ್ದು ನನಗೆ ಕೆಲಸ ಅಷ್ಟೇ ಆಗಿತ್ತು. ಅದರೊಳಗೆ ಒಂದು ವಿದ್ಯೆ ಇದೆ ಎಂದು ಅನ್ನಿಸಿರಲಿಲ್ಲ.

ಅವತ್ತು ಪುಸ್ತಕ ಇರಲಿಲ್ಲ. ನೋಡಿದೆ. ಆರು ಮಂದಿ ಬೆಳಕು ಹರಿಯುವಾಗಲೇ ಬಂದು ಸಸಿ ಕಿತ್ತು ಕಟ್ಟು ಕಟ್ಟುತ್ತಿದ್ದರು. ಇಬ್ಬರು ಕಟ್ಟುಗಳನ್ನು ಗದ್ದೆಯ ಉದ್ದಕ್ಕೂ ಲೆಕ್ಕ ಹಿಡಿದು ಎಸೆಯುತ್ತಿದ್ದರು. ನೆಡುವವರು ಹಿಂದೆ ಹಿಂದೆ ಸರಿದಂತೆ ಕಟ್ಟು ಸರಿಯಾಗಿ ಅವರ ಕಾಲ ಹತ್ತಿರವೇ ಸಿಗುತ್ತಿತ್ತು. ಸಾಲಿನ ಎರಡೂ ತುದಿಗೆ ಚುರುಕಿನವರು, ನಡುವೆ ಹೊಸಬರು ಇದ್ದರು. ತುದಿಯವರು ಎಳೆದುಕೊಂಡು ಹೋದಂತೆ ನಡುವಿನವರೂ ಹಿಂದೆ ಬೀಳದೆ ಬರುತ್ತಿದ್ದರು. ಕೆಲವರು ಗಡಿಯಾಚೆಯ ಊರಿನವರು, ತೆಲುಗಿನಲ್ಲಿ ಮಾತಾಡುತ್ತಿದ್ದರು. ಅವರಿಗೆ ಹುಡುಗಿ ತೆಲುಗಿನಲ್ಲೇ ಹೇಳುತ್ತಿದ್ದಳು. ಕ್ಲಾಸಿನಲ್ಲಿ ಎದ್ದು ನಿಂತರೆ ಎರಡು ಮಾತು ಆಡದವಳು, ಇಲ್ಲಿ ಮೊಣಕಾಲವರೆಗೆ ಕೆಸರಿನಲ್ಲಿ ನಿಂತು ಎಲ್ಲಿಯೂ ದನಿ ಏರಿಸದೆ ಇಪ್ಪತ್ತು ಮಂದಿಯನ್ನು ನಡೆಸುತ್ತಿದ್ದಳು.

ಗದ್ದೆಯ ಯಜಮಾನರು ಬದುವಿನ ಮೇಲೆ ನಿಂತಿದ್ದರು. ಅವರಿಗೆ ಸಸಿ ವಿರಳವಾಯಿತು ಅನ್ನಿಸಿತು. "ಏ, ಒತ್ತೊತ್ತಾಗಿ ಹಚ್ಚರ್ಬೇ," ಎಂದು ಸಾಲಿನ ಕಡೆ ಕೂಗಿದರು. ನಡುವಿನ ಮೂವರು ಕೈ ನಿಲ್ಲಿಸಿ ತಲೆ ಎತ್ತಿದರು. ಒಬ್ಬಳು ಒತ್ತಾಗಿ ನೆಡತೊಡಗಿದಳು, ಪಕ್ಕದವಳು ಮೊದಲಿನಂತೆಯೇ ನೆಟ್ಟಳು. ಸಾಲು ಅಲ್ಲೇ ಡೊಂಕಾಯಿತು.

ಹುಡುಗಿ ಕೆಸರಿನಿಂದ ಎದ್ದು ಬದುವಿಗೆ ಬಂದಳು. "ಮಾವ, ನೀವು ಹೇಳೋದು ನನಗ ಹೇಳ್ರಿ. ಒತ್ತು ಬೇಕಂದ್ರ ಒತ್ತು ಹಚ್ಚಸತೀನಿ. ಆದ್ರ ಅವ್ರಿಗೆ ಹೇಳಬ್ಯಾಡ್ರಿ. ಇಬ್ರ ಮಾತು ಕೇಳಿದ್ರ ಅವ್ರ ಕೈ ನಿಲ್ಲತಾವ."

ಯಜಮಾನರು ನನ್ನ ಕಡೆ ಒಮ್ಮೆ ನೋಡಿ, "ಆತು ತಾಯಿ, ನೀನs ಹೇಳು," ಎಂದು ಬೇವಿನ ನೆರಳಿಗೆ ಹೋಗಿ ಕೂತರು.

ಎಂಟು ಮಂದಿ ತಪ್ಪು ಬರೆದ 'ಆದೇಶದ ಏಕತೆ'ಯ ಪ್ರಶ್ನೆಗೆ ಸರಿ ಉತ್ತರ ಇಷ್ಟು ಸರಳವಾಗಿ ಹೇಳಬಹುದೆಂದು ನನಗೆ ಗೊತ್ತಿರಲಿಲ್ಲ.

ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ನನಗೂ ರೊಟ್ಟಿ, ಪುಂಡಿಪಲ್ಯ ಕೊಟ್ಟರು. ಒಬ್ಬ ಹೆಂಗಸು ಬೆಳಗಿನಿಂದ ನೀರಿಗಿಳಿಯದೆ ಬದುವಿನ ಮೇಲೆ ಕಟ್ಟು ಸರಿಮಾಡುತ್ತಲೇ ಇದ್ದಳು. ಆಕೆಗೆ ಯಾಕೆ ಆ ಕೆಲಸ ಎಂದು ಕೇಳಿದೆ.

"ಆಕಿ ಮಗಗ ಮೈಯಾಗ ಆರಾಮಿಲ್ಲಂತ್ರಿ, ನಿನ್ನೆ ಸರಿಯಾಗಿ ನಿದ್ದಿ ಮಾಡಿಲ್ಲ," ಅಂದಳು ಹುಡುಗಿ. "ಬೆಳಿಗ್ಗೆ ಗಾಡಿ ಹತ್ತುವಾಗ ಎಲ್ಲಾರ ಮುಖ ನೋಡಬೇಕ್ರಿ. ಯಾರಿಗೆ ಏನಾಗೈತಿ ಅಂತ ಗೊತ್ತಾಗತೈತಿ. ಅದನ್ನ ನೋಡದ ಕೆಲಸ ಹಂಚಿದ್ರ ಹನ್ನೊಂದು ಗಂಟಿಗೆ ಜಗಳ ಬರತಾವ." ಆಮೇಲೆ ಅವಳೇ ಕೇಳಿದಳು: "ನಮ್ಮ ಪುಸ್ತಕದಾಗ ಹದಿನಾಕು ತತ್ವ ಅದಾವಲ್ರಿ ಮೇಡಂ. ಅದರಾಗ ಇದು ಯಾವ್ದು?"

ನಾನು ಯೋಚಿಸಿದೆ. ಸಮಾನತೆ ಅನ್ನಬಹುದಿತ್ತು, ಸಂಘಭಾವ ಅನ್ನಬಹುದಿತ್ತು. ಯಾವುದೂ ಪೂರ್ತಿ ಹೊಂದಲಿಲ್ಲ. "ಅದರಾಗ ಇಲ್ಲ ಅನಸತೈತಿ," ಅಂದೆ.

"ಹೌದೇನ್ರಿ," ಎಂದು ಅವಳು ರೊಟ್ಟಿ ಮುರಿದಳು. ಅವಳಿಗೆ ಅದು ದೊಡ್ಡ ವಿಷಯವಾಗಿ ಕಾಣಲಿಲ್ಲ.

"ಅವತ್ತು ಕ್ಲಾಸಿನಾಗ ನಿನಗ ಬೈದೆ. ತಪ್ಪಾತು," ಅಂದೆ.

ಅವಳು ತಲೆ ತಗ್ಗಿಸಿ, "ಇರ್ಲಿ ಬಿಡ್ರಿ ಮೇಡಂ, ನಮ್ಮವ್ವನೂ ಹಂಗs ಬೈತಾಳ," ಅಂದಳು. ಸುತ್ತ ಕೂತವರು ನಕ್ಕರು, ನಾನೂ ನಕ್ಕೆ.

ಸೋಮವಾರ ಪ್ರಾಂಶುಪಾಲರ ಕೋಣೆಗೆ ಹೋದೆ. ಹಾಜರಿ ಪಟ್ಟಿ ಮುಂದಿಟ್ಟು ಆರು ನಂಬರು ತೋರಿಸಿ, ನೋಡಿದ್ದೆಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. "ನಿಯಮ ನಿಯಮನs ಮೇಡಂ. ಬರದವ್ರನ್ನ ಬಂದಾರಂತ ಬರೆಯಾಕ ಆಗಂಗಿಲ್ಲ. ಆದ್ರ ನೀವು ಹೆಚ್ಚಿನ ಕ್ಲಾಸ್ ತಗೊಂಡ್ರ ಅದರ ಹಾಜರಿ ಸೇರಿಸಬಹುದು. ತಗೊಂತೀರೇನು?"

ನಾಟಿ ಮುಗಿದ ಮೇಲೆ ಐದು ವಾರ, ಬೆಳಿಗ್ಗೆ ಎಂಟೂವರೆಗೆ ಕ್ಲಾಸು ತೆಗೆದುಕೊಂಡೆ. ನಾನು ಮೊದಲ ಬಸ್ಸು ಹಿಡಿಯಬೇಕಿತ್ತು. ಗಂಡ ಡಬ್ಬಿ ಕಟ್ಟುವುದನ್ನು ಕಲಿತ. ಮಗಳಿಗೆ ಎರಡು ಜಡೆ ಹಾಕುವುದು ಮಾತ್ರ ಅವನಿಗೆ ಬರಲಿಲ್ಲ. ಆ ಐದು ವಾರ ಅವಳು ಒಂದೇ ಜಡೆಯಲ್ಲಿ ಶಾಲೆಗೆ ಹೋದಳು.

ಆರು ಹುಡುಗಿಯರಿಗೆಂದು ಶುರುವಾದ ಕ್ಲಾಸಿಗೆ ಎರಡನೆಯ ವಾರ ಹದಿನೈದು ಮಂದಿ ಬಂದರು. ನಾನು ನೋಟ್ಸ್ ಬರೆಸುವುದನ್ನು ಬಿಟ್ಟೆ. ಒಂದು ತತ್ವ ಹೇಳಿ, ಇದನ್ನು ನೀವು ಎಲ್ಲಿ ನೋಡಿದ್ದೀರಿ ಎಂದು ಕೇಳುತ್ತಿದ್ದೆ. ಹಿಂದೆ ಒಬ್ಬನೇ ಕವರ್ ಮಡಿಸುತ್ತಿದ್ದ ಹುಡುಗನ ಅಪ್ಪ ಮನೆ ಕಟ್ಟುವ ಗೌಂಡಿ. ಗಾರೆ ಕಲಸುವವನು, ಇಟ್ಟಿಗೆ ಕೊಡುವವನು, ಕಟ್ಟುವವನು ಯಾಕೆ ಬೇರೆ ಬೇರೆ ಎಂದು ಅವನು ಅರ್ಧ ಗಂಟೆ ಹೇಳಿದ. ಶ್ರಮ ವಿಭಜನೆಯ ಬಗ್ಗೆ ನಾನು ಅಷ್ಟು ಹೊತ್ತು ಯಾವತ್ತೂ ಮಾತಾಡಿರಲಿಲ್ಲ. ಹೇಳಿ ಮುಗಿಸಿ ಅವನೇ, "ಹಂಗಾದ್ರ ಅವತ್ತು ನಾ ಮಾಡಿದ್ದು ತಪ್ಪು ಅಲ್ರಿ ಮೇಡಂ?" ಅಂದ.

ಸೆಮಿಸ್ಟರಿನ ಕೊನೆಯಲ್ಲಿ ಮತ್ತೊಮ್ಮೆ ಕವರ್ ಮಾಡಿಸಿದೆ. ಈ ಸಲ ನಾನು ನಾಯಕರನ್ನು ಆರಿಸಲಿಲ್ಲ. ಮೊದಲ ಹದಿನೈದು ನಿಮಿಷ ಹಾಳೆ ಮುಟ್ಟಬಾರದು, ಮಾತಾಡಿಕೊಳ್ಳಬೇಕು ಎಂದಷ್ಟೇ ಹೇಳಿ, ಹಿಂದಿನ ಬೆಂಚಿನಲ್ಲಿ ಹೋಗಿ ಕೂತೆ. ಬಾಯಿ ಮುಚ್ಚಿಕೊಂಡಿರುವುದು ಕಷ್ಟವಾಯಿತು. ಒಂದು ಗುಂಪಿನಲ್ಲಿ ಇಬ್ಬರು ಹುಡುಗರು ನಾನು ಮುಂದೆ, ನೀನು ಮುಂದೆ ಎಂದು ಕಿತ್ತಾಡಿದರು. ಒಬ್ಬ ಸಿಟ್ಟಾಗಿ ಹೊರಗೆ ಹೋದ. ನಾನು ಏಳಲಿಲ್ಲ. ಗೌಂಡಿಯ ಮಗ ತನ್ನ ಗುಂಪು ಬಿಟ್ಟು ಹೋಗಿ ಅವನನ್ನು ಕರೆತಂದ. ಆ ಗುಂಪು ಕೊನೆಗೆ ಹನ್ನೆರಡೇ ಕವರ್ ಮಾಡಿತು, ಅದರಲ್ಲಿ ನಾಲ್ಕು ಹರಿದವು.

ಉಳಿದವರದ್ದು ಹಿಡಿದವು. ಕಾಕಾ ಎಣಿಸಿ ಎಣಿಸಿ ಜೋಡಿಸುತ್ತ, ಒಂದನ್ನು ಬೆಳಕಿಗೆ ಹಿಡಿದು ನೋಡಿ, "ಆದೋನಿಗೆ ಹೋದಾಕಿಗಿಂತ ಚಂದ ಮಾಡೀರಿ," ಅಂದರು. ನಲವತ್ತು ಮಂದಿಗೂ ಖಾರ ಮಂಡಕ್ಕಿ ಹಂಚಿದರು. ಅವತ್ತು ಪ್ರಾಂಶುಪಾಲರೂ ಒಂದು ಕವರ್ ಹಿಡಿದು, ಬಾಗಿಲಲ್ಲೇ ನಿಂತು ತಿಂದರು.

ಹುಡುಗಿಗೆ ಹಾಜರಿ ಸಾಲಿತು, ಪರೀಕ್ಷೆ ಬರೆದಳು. ನನ್ನ ವಿಷಯದಲ್ಲಿ ಅವಳಿಗೆ ಬಂದದ್ದು ದೊಡ್ಡ ಅಂಕವೇನಲ್ಲ, ಅರವತ್ತರ ಹತ್ತಿರ. ಲೆಕ್ಕಶಾಸ್ತ್ರದಲ್ಲಿ ಒಮ್ಮೆ ಹೋಗಿ ಮರುವರ್ಷ ಕಟ್ಟಿ ಪಾಸಾದಳು. ಆರು ಮಂದಿಯಲ್ಲಿ ಒಬ್ಬಳು ಮದುವೆಯಾಗಿ ಓದು ಬಿಟ್ಟಳು. ಅದು ನನ್ನ ಕೈಯಲ್ಲಿರಲಿಲ್ಲ. ಐದು ಮಂದಿ ಪದವಿ ಮುಗಿಸಿದರು. ನಮ್ಮಂಥ ಅತಿಥಿ ಉಪನ್ಯಾಸಕರ ನೇಮಕದ ಆದೇಶ ಒಂದೊಂದು ವರ್ಷ ತಿಂಗಳುಗಟ್ಟಲೆ ತಡವಾಗಿ ಬರುತ್ತದೆ. ಅಂಥ ತಿಂಗಳುಗಳಲ್ಲಿ ಈ ಕೆಲಸ ಬಿಟ್ಟು ಬೇರೆ ನೋಡಲೇ ಎಂದು ಅನ್ನಿಸಿದ್ದುಂಟು. ಆದರೆ ಆದೇಶ ಬಂದ ದಿನ ಮತ್ತೆ ಕುರುಗೋಡಿನ ಬಸ್ಸು ಹತ್ತುತ್ತೇನೆ.

ಕಳೆದ ಮಳೆಗಾಲದಲ್ಲಿ ಆ ಹುಡುಗಿ ಎಂ.ಕಾಂ.ಗೆ ಅರ್ಜಿ ಹಾಕಲು ಬಳ್ಳಾರಿಗೆ ಬಂದಿದ್ದಳು. ಕೌಲ್ ಬಜಾರಿನಲ್ಲಿ ನಮ್ಮ ಮನೆ ಹುಡುಕಿಕೊಂಡು ಬಂದಳು. ಕೂಡಿಸಿ ಊಟಕ್ಕೆ ಬಡಿಸಿದೆ. ನಾಟಿಯ ಗುಂಪು ಏನಾಯಿತು ಎಂದು ಕೇಳಿದೆ.

"ನಮ್ಮ ಚಿಗವ್ವನ ಮಗಳು ನೋಡಿಕೊಂತಾಳ್ರಿ. ಹೋದ ವರ್ಷ ಪೂರ್ತಿ ನನ್ನ ಬಾಜು ನಿಲ್ಲಿಸಿಕೊಂಡಿದ್ನಿ. ಈಗ ನಾ ಹೋದ್ರ, ಆಕಿನs ನನಗ ಎಲ್ಲಿ ನಿಲ್ಲಬೇಕಂತ ಹೇಳತಾಳ." ಇದನ್ನು ಹೇಳುವಾಗ ಅವಳ ಮುಖದಲ್ಲಿ ಹೆಮ್ಮೆ ಇತ್ತು.

ನನ್ನ ಮಗಳು ಅವಳ ಪಕ್ಕ ಕೂತು, "ಅಕ್ಕ, ನೀವು ಏನಾಗತೀರಿ?" ಎಂದು ಕೇಳಿದಳು.

"ಇನ್ನಾ ಗೊತ್ತಿಲ್ಲಮ್ಮ. ನಿಮ್ಮವ್ವನಂಗ ಪಾಠ ಮಾಡಬೇಕಂತ ಆಸೆ ಐತಿ," ಅಂದಳು.

ಊಟವಾದ ಮೇಲೆ ಅವಳನ್ನು ಆಟೋ ಹತ್ತಿಸಲು ನಾನೂ ಮಗಳೂ ಬೀದಿಯ ತನಕ ಹೋದೆವು. ಮಳೆ ಆಗಷ್ಟೇ ನಿಂತಿತ್ತು, ಅಂಗಡಿಯವರು ಮತ್ತೆ ಸಾಮಾನು ಹೊರಗಿಡುತ್ತಿದ್ದರು. ಅರ್ಜಿಯ ಫೈಲು ನೆನೆಯದಂತೆ ಎದೆಗೊತ್ತಿ ಹಿಡಿದುಕೊಂಡು ಅವಳು ಆಟೋ ಹತ್ತಿ, ಡ್ರೈವರಿಗೆ ಎಲ್ಲಿಗೆ ಹೋಗಬೇಕೆಂದು ತಾನೇ ಹೇಳಿದಳು.